ಅವ್ವನ ಕೈಯ ಮಾತ್ರೆ

ಹನ್ನೊಂದು ವರ್ಷ ಬಸ್ ಕಂಡಕ್ಟರ್ ಕೆಲಸ ಮಾಡಿದವಳಿಗೆ ಒಂದು ಜಂಬ ಇರುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಈ ನಾಲ್ಕು ಊರುಗಳ ನಡುವೆ ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲೆ ಅಂದುಕೊಂಡಿದ್ದೆ. ಕೋರ್ಟಿಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಆಲೂಗಡ್ಡೆ ರೇಟು ಕೇಳಲು ಹೋಗುವವರು. ನನ್ನ ತಮ್ಮನ ಕುಡಿತ ಬಿಡಿಸಲು ಎಲ್ಲಿಗೆ ಹೋಗಬೇಕು ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ತಮ್ಮ ಹೊಳೆನರಸೀಪುರದ ಪೇಟೆಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಾನೆ. ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಕೈ ನಡುಗುವವನಿಂದ ಆಗುವಂಥದ್ದಲ್ಲ. ಕೊನೆಕೊನೆಗೆ ಕೈ ನಡುಗದಿರಲೆಂದೇ ಬೆಳಿಗ್ಗೆ ಒಂದು ಪ್ಯಾಕೆಟ್ ಹಾಕಿ ಅಂಗಡಿ ಬಾಗಿಲು ತೆಗೆಯುತ್ತಿದ್ದ. ಕುಡಿಯುತ್ತಾನೆಂದು ತಿಳಿದು ಎರಡು ಸಂಬಂಧ ತಪ್ಪಿಹೋದವು. ಆಮೇಲೆ ನಾವು ಹುಡುಗಿ ಹುಡುಕುವುದನ್ನೂ ಬಿಟ್ಟೆವು.

ಅರಕಲಗೂಡಿನ ಕಡೆ ಕುಡಿತ ಬಿಡಿಸುವ ಒಂದು ಖಾಸಗಿ ಕೇಂದ್ರವಿದೆ ಎಂದು ಕೇಳಿ ರಜೆ ಹಾಕಿ ಹೋಗಿದ್ದೆ. ಮೂರು ತಿಂಗಳದ್ದು ಮುಂಗಡ ಕಟ್ಟಬೇಕು ಅಂದರು. ನನ್ನ ಸಂಬಳ, ಅವ್ವ ಡೈರಿಗೆ ಹಾಕುವ ಹಾಲಿನ ದುಡ್ಡು, ಎರಡೂ ಸೇರಿದರೂ ಎಟುಕುವಂತಿರಲಿಲ್ಲ. ಬೇರೆ ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಯೂನಿಫಾರ್ಮ್ ಹಾಕಿಕೊಂಡು ಕುಡುಕರನ್ನು ಬಸ್ಸಿನಿಂದ ಇಳಿಸುವವಳು ನಾನು. ನನ್ನ ಮನೆಯಲ್ಲೂ ಒಬ್ಬನಿದ್ದಾನೆ ಎಂದು ಯಾರ ಹತ್ತಿರ ಬಾಯಿ ಬಿಡಲಿ?

ಒಂದು ದಿನ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಒಬ್ಬ ಹೆಂಗಸು ಗಂಡನ ಕುಡಿತದ ಗೋಳು ತೋಡಿಕೊಳ್ಳುತ್ತಾ ತಾನಾಗಿಯೇ ಹೇಳಿದಳು. ಅಲ್ಲೊಬ್ಬ ಪುಡಿ ಕೊಡುತ್ತಾನೆ, ಊಟದಲ್ಲಿ ಬೆರೆಸಿ ಹಾಕಿದರೆ ಕುಡಿತ ತಾನೇ ಬಿಟ್ಟುಹೋಗುತ್ತದೆ ಅಂತ. ನಾನೇ ಹೋಗಿ ತಂದೆ. ಅವನು ಕೇಳಿದ ದುಡ್ಡಿಗೆ ಅವ್ವ ಎರಡು ಹಸುವಿನಲ್ಲಿ ಒಂದನ್ನು ಮಾರಿದಳು. ಅವನು ಹೇಳಿದ್ದು ಎರಡೇ ಮಾತು: ತಿನ್ನುವವನಿಗೆ ಗೊತ್ತಾಗಬಾರದು, ಹೆತ್ತವಳ ಕೈಯಿಂದಲೇ ಹೋಗಬೇಕು.

ನಮ್ಮ ಕಡೆ ಊಟದಲ್ಲಿ ಕದ್ದು ಏನಾದರೂ ಬೆರೆಸುವುದಕ್ಕೆ ಮದ್ದಿಡುವುದು ಅನ್ನುತ್ತಾರೆ. ಮದ್ದಿಡುತ್ತಾರೆಂದು ಹೆಸರಾದ ಮನೆಯಲ್ಲಿ ಯಾರೂ ನೀರು ಕೂಡ ಕುಡಿಯುವುದಿಲ್ಲ. ಅವ್ವ ಇಷ್ಟು ವಯಸ್ಸಾದರೂ ಅಂಥ ಒಂದು ಮನೆಯ ಹೊಸ್ತಿಲು ತುಳಿದವಳಲ್ಲ. ಅವಳೇ ಒಂದು ಭಾನುವಾರ ಅವರೆಕಾಳು ಸಾರಿಗೆ ಆ ಪುಡಿ ಹಾಕಿ, ಮುದ್ದೆಯ ಪಕ್ಕ ಬಿಟ್ಟಳು. ಆಮೇಲೆ ಆ ಸೌಟನ್ನು ಎರಡೆರಡು ಸಲ ಬೂದಿ ಹಾಕಿ ತೊಳೆದಳು. ನೀರು ಹುಯ್ದವಳು ನಾನು.

ತಮ್ಮ ಉಂಡು ಪೇಟೆಗೆ ಹೋದ. ಎಂದಿನಂತೆ ಕುಡಿದವನು ಅಲ್ಲೇ ಬಿದ್ದನೆಂದು ಒಂದು ಗಂಟೆಯಲ್ಲಿ ಪೇಟೆಯ ಇಬ್ಬರು ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಮುಖ ಕೆಂಡದಂತಾಗಿತ್ತು, ಒಂದೇ ಸಮ ವಾಂತಿ, ಎದೆ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದ. ಅದೇ ಆಟೋದಲ್ಲಿ ಹಾಸನದ ಸರ್ಕಾರಿ ದೊಡ್ಡಾಸ್ಪತ್ರೆಗೆ ಓಡಿಸಿದೆವು. ದಾರಿಯುದ್ದಕ್ಕೂ ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬಾಯಿ ಒರೆಸುತ್ತಿದ್ದಳು.

“ಕುಡಿಯೋ ಮೊದಲು ಏನಾದ್ರೂ ಮಾತ್ರೆ, ಪುಡಿ ಕೊಟ್ಟಿದ್ರಾ?” ಎಂದು ಡಾಕ್ಟರಮ್ಮ ಕೇಳಿದರು. ನನ್ನ ನಾಲಿಗೆ ಬಿದ್ದುಹೋಗಿತ್ತು. ದಿನಕ್ಕೆ ನೂರು ಜನರ ಮೇಲೆ ಜೋರು ಮಾಡುವ ನಾಲಿಗೆ!

ಅವ್ವ ಮುಂದೆ ಬಂದಳು. “ನಾನೇ ಕಣ್ ತಾಯಿ. ನಾನೇ ತಂದು ನಾನೇ ಸಾರ್ಗೆ ಆಕ್ದೆ. ನನ್ ಮಗಿಗೆ ನಾನೇ ಮದ್ದಿಟ್ಬುಟ್ಟೆ.”

ನರ್ಸುಗಳು, ಅಕ್ಕಪಕ್ಕದ ಮಂಚದವರು, ಎಲ್ಲರ ಮುಂದೆ ಹೇಳಿದಳು. ಊರಿನಲ್ಲಿ ಆ ಒಂದು ಮಾತಿಗೆ ತಲೆಮಾರುಗಟ್ಟಲೆ ಮನೆಯ ಹೆಸರು ಕೆಡುತ್ತದೆ. ನನ್ನನ್ನು ಹಿಂದೆ ಬಿಟ್ಟು ಅಷ್ಟನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡ ಆ ಸಣ್ಣ ಮೈಯ ಮುದುಕಿಯನ್ನು ನಾನು ಬೆರಗಾಗಿ ನೋಡಿದೆ. ಇವಳು ನಮ್ಮವ್ವನೇ ಹೌದೇ ಅನ್ನಿಸಿತು. ಡಾಕ್ಟರಮ್ಮ ಬಯ್ಯಲಿಲ್ಲ. “ಹೇಳಿದ್ದು ಒಳ್ಳೇದಾಯ್ತಮ್ಮ, ಅದರಿಂದಲೇ ನಿಮ್ಮ ಮಗ ಉಳೀತಾನೆ” ಎಂದು ಅವಳ ಭುಜ ಮುಟ್ಟಿ ಕೆಲಸಕ್ಕೆ ತಿರುಗಿದರು.

ಮೂರನೆಯ ದಿನ ಅವನನ್ನು ಇನ್ನೊಂದು ವಾರ್ಡಿಗೆ ಕಳಿಸಿದರು. ಅದೇ ಆಸ್ಪತ್ರೆ, ಅದೇ ಕಾಂಪೌಂಡು. ಕುಡಿತ ಬಿಡಿಸುವುದಕ್ಕೆಂದೇ ಇರುವ ವಾರ್ಡು! ಹನ್ನೊಂದು ವರ್ಷ ಆ ಗೇಟಿನ ಮುಂದೆ “ಆಸ್ಪತ್ರೆ ಇಳ್ಕೊಳ್ರೀ” ಎಂದು ಕೂಗಿದವಳು ನಾನು, ಒಳಗೆ ಹೀಗೊಂದು ಬಾಗಿಲಿದೆ ಎಂದು ತಿಳಿದಿರಲಿಲ್ಲ. ಒಳಗೆ ಹೋದರೆ ನನ್ನ ಬಸ್ಸಿನ ಮುಖಗಳೇ. ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದ ಹೆಂಗಸರು ಇಲ್ಲಿ ಗಂಡಂದಿರ ಬೆನ್ನು ಸವರುತ್ತಿದ್ದರು. ಇವರೆಲ್ಲ ತವರಿಗೆ ಹೋಗುವವರೆಂದು ನಾನು ತಿಳಿದಿದ್ದೆ. ಎಷ್ಟು ಕಷ್ಟವನ್ನು ಎಷ್ಟು ಸದ್ದಿಲ್ಲದೆ ಹೊತ್ತುಕೊಂಡು ನನ್ನ ಮುಂದೆ ಕೂತಿದ್ದರು ಎಂದು ನೆನೆದು ಮೈ ಜುಮ್ಮೆಂದಿತು. ಖರ್ಚು ಕೇಳಿದರೆ, ಅವ್ವ, ತಮ್ಮ ಇಬ್ಬರ ಹೆಸರಷ್ಟೇ ಇದ್ದ ಬಿಪಿಎಲ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು ಹೆಚ್ಚುಕಡಿಮೆ ಏನೂ ಇಲ್ಲ ಅಂದರು. ಹಸು ಸುಮ್ಮನೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ತಮ್ಮನಿಗೆ ಅವ್ವ ತಾನೇ ಎಲ್ಲ ಹೇಳಿಬಿಟ್ಟಿದ್ದಳು, ನನ್ನ ಹೆಸರೊಂದನ್ನು ಬಿಟ್ಟು. ಅವತ್ತಿನಿಂದ ಅವನು ಅವಳು ತಂದದ್ದನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಅನ್ನ ತಿನ್ನುತ್ತಿದ್ದ. ಆದರೂ ಅವ್ವ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬುತ್ತಿ ಹಿಡಿದು ನನ್ನ ಬಸ್ಸಿಗೇ ಬರುತ್ತಿದ್ದಳು. ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡನ್ನು ನನಗೇ ತೋರಿಸುವಳು. “ಬೇಡ ಕಣವ್ವ, ನೀನು ಯಾರು ಅಂತ ಗೊತ್ತು” ಅಂದರೆ, “ರೂಲ್ಸು ರೂಲ್ಸೇ ಕಣಮ್ಮಿ” ಅನ್ನುವಳು. ಸಂಜೆ ಅದೇ ಬುತ್ತಿ ತುಂಬಿದ್ದು ತುಂಬಿದಂತೆ ವಾಪಸ್ಸು. ಏಳು ದಿನ ನೋಡಿದೆ. ಎಂಟನೆಯ ದಿನ ತಡೆಯಲಾಗಲಿಲ್ಲ. ಡ್ಯೂಟಿ ಮುಗಿಸಿ ಹೋಗಿ ಅವನ ಮಂಚದ ಪಕ್ಕ ಕೂತು, ಪುಡಿ ತಂದವಳು ನಾನು ಎಂದು ಹೇಳಿ ಅತ್ತುಬಿಟ್ಟೆ.

“ಗೊತ್ತಿತ್ತು ಕಣಕ್ಕ” ಅಂದ. “ಅವ್ವ ಯಾವತ್ತು ಒಬ್ಳೇ ಚನ್ನರಾಯಪಟ್ಣಕ್ಕೆ ಓಗಿದ್ಲು?”

“ಮತ್ತೆ ಯಾಕ್ಲಾ ಉಣ್ಣಲ್ಲ? ಇನ್ನೂ ಎದ್ರಿಕೆನಾ?”

ಅವನು ತನ್ನ ಕೈಗಳನ್ನೇ ನೋಡಿಕೊಂಡ. ನಡುಕ ಇನ್ನೂ ಪೂರ್ತಿ ನಿಂತಿರಲಿಲ್ಲ. “ಎದ್ರಿಕೆ ಅಲ್ಲ ಕಣಕ್ಕ. ಮದ್ದಿಡೋ ಮನೆ ನೀರು ಕುಡೀದೋಳು ಅವ್ವ. ಅಂಥೋಳ ಕೈಲಿ ಮದ್ದಿಡಿಸ್ದೋನು ನಾನು. ಯಾವ್ ಮುಖ ಇಟ್ಕಂಡು ಅವಳ ಬುತ್ತಿ ಉಣ್ಲಿ?”

ನಾನು ಅವನನ್ನು ಕುಡುಕನೆಂದು ನೋಡುತ್ತಾ ನೋಡುತ್ತಾ ಒಳಗಿದ್ದ ಈ ಮನುಷ್ಯನನ್ನು ಎಷ್ಟೋ ವರ್ಷದಿಂದ ನೋಡಿಯೇ ಇರಲಿಲ್ಲ.

ಬಿಡುಗಡೆಯ ದಿನ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಒಂದು ಮಾತ್ರೆ ಇದೆ, ಅದನ್ನು ತಿಂದು ಕುಡಿದರೆ ಅವತ್ತು ಆದಂತೆಯೇ ಆಗುತ್ತದೆ, ಪ್ರಾಣಕ್ಕೇ ಅಪಾಯ. ಆ ಪುಡಿಯಲ್ಲಿ ಇದ್ದದ್ದೂ ಬಹುಶಃ ಇದೇ. ಕದ್ದು ಕೊಟ್ಟರೆ ವಿಷ. ರಕ್ತ ಪರೀಕ್ಷೆ ಸರಿಯಿದೆ, ಎಲ್ಲ ತಿಳಿದು ಅವನೇ ಒಪ್ಪಿದರೆ ಮಾತ್ರ ಬರೆದುಕೊಡುತ್ತೇನೆ, ಮನೆಯಲ್ಲಿ ಒಬ್ಬರು ದಿನಾ ಎದುರಿಗೆ ನಿಂತು ಕೊಡಬೇಕು, ಯಾರು ಕೊಡುತ್ತೀರಿ?

ನಾನು ಕೈ ಎತ್ತಿದೆ. ಅವ್ವ ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತಾ ಕೂತಿದ್ದಳು.

“ಅಕ್ಕ ಬ್ಯಾಡ” ಅಂದ ತಮ್ಮ. “ಅವ್ವ ಕೊಡ್ಲಿ.”

ಮಾರನೆಯ ಬೆಳಿಗ್ಗೆ ಅವ್ವ ಡೈರಿಯಿಂದ ಬಂದು ಕೈಕಾಲು ತೊಳೆದಳು. ಮಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡು, ಬಾಗಿಲಿನ ಬೆಳಕಿಗೆ ಬಂದು, ಬೆರಳನ್ನೆಲ್ಲ ಅಗಲಿಸಿ ಅವನ ಮುಂದೆ ಹಿಡಿದಳು. “ನೋಡ್ಕೊ ಮಗ. ಇದೊಂದೇಯ. ಬೇರೇನೂ ಇಲ್ಲ. ಸರಿಯಾಗಿ ನೋಡ್ಕೊ.”

ಅವನು ನೋಡಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆದ.