ಎದೆಮಟ್ಟದ ಮೋಟುಗಳು

ಎನ್. ಬೇಗೂರಿನ ಕಡೆಯ ಒಂದು ಸಣ್ಣ ಶಾಲೆಗೆ ನನಗೆ ವರ್ಗವಾದಾಗ ಕಬಿನಿಯ ಹಿನ್ನೀರನ್ನು ಬಿದಿರಿನ ಬುಟ್ಟಿಯಂಥ ತೆಪ್ಪದಲ್ಲಿ ದಾಟಿ ಹೋಗಬೇಕಾಗಿತ್ತು. ಮೊದಲ ದಿನ, ಇಸ್ತ್ರಿ ಮಾಡಿದ ಪಂಚೆ ನೆನೆಯದಿರಲೆಂದು ತೆಪ್ಪದ ಅಂಚಿನ ಮೇಲೆ ಕುಳಿತೆ. ಹುಟ್ಟು ಹಿಡಿದಿದ್ದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಮೇಷ್ಟ್ರೇ, ಅದೇನ್ ಜಗ್ಲಿನಾ ಕಾಲ್ ಇಳೀಬುಟ್ಟು ಕೂರಕ್ಕೆ? ನಡುಕ್ಕೆ ಬಂದು ತಳದಲ್ಲಿ ಕೂತ್ಕಳಿ. ತೆಪ್ಪ ಮೊಗುಚುದ್ರೆ ನಿಮ್ ಮಕ್ಕಳ್ಗೆ ರಜ ಸಿಕ್ತದೆ, ನಂಗೆ ಪೊಲೀಸ್ ಸಿಕ್ತಾರೆ.”

ಅವರೇ ಸುನಂದಮ್ಮ. ಮಾವನಿಂದ ಬಂದ ತೆಪ್ಪ, ಜನರನ್ನು ದಾಟಿಸುವ ಕಡವೂ ಅವರದೇ. ನಾನು ನಿವೃತ್ತನಾದ ಮೇಲೂ ಆಗಾಗ ಆ ದಡಕ್ಕೆ ಹೋಗಿ ಬೈಸಿಕೊಂಡು ಬರುತ್ತೇನೆ.

ಸುನಂದಮ್ಮನವರ ಮಗ ರಘುವಿಗೆ ನೀರಿನ ಮೇಲೆ ತಲೆ ತಿರುಗುತ್ತದೆ. ಅವನು ಹೊಲ ನೋಡಿಕೊಳ್ಳುತ್ತಾನೆ. ಆದ್ದರಿಂದ ಸುನಂದಮ್ಮ ಸೊಸೆ ಪುಷ್ಪಾಳಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದರು. “ನನ್ ರಟ್ಟೆ ಸೋಲೋದ್ರೊಳ್ಗೆ ಇವ್ಳು ಕಲೀಬೇಕು ಕಣ್ರೀ. ಇಲ್ದಿದ್ರೆ ಈ ಕಡವು ನನ್ಜೊತೇಲೇ ಮುಚ್ಚೋಯ್ತದೆ” ಎನ್ನುತ್ತಿದ್ದರು. ಪುಷ್ಪಾಳೂ ಆಸೆಯಿಂದ ಕಲಿಯುತ್ತಿದ್ದಳು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಲ್ಲಿಯವರೆಲ್ಲ ತೆಪ್ಪಗಳನ್ನು ಬೋರಲು ಹಾಕಿ ಒಟ್ಟಾಗಿ ಡಾಂಬರು ಬಳಿಯುವುದು ರೂಢಿ. ಡಾಂಬರು ಕಾಯುವವರೆಗೆ, ಯಾರು ಏನು ಹೊಸದು ಮಾಡಿಸಿದರು, ಯಾರು ಎಲ್ಲಿಯವರೆಗೆ ಹೋಗಿ ಬಂದರು ಎಂಬುದೇ ಮಾತು. ದೇವರಾಜು ತನ್ನ ತೆಪ್ಪಕ್ಕೆ ಎರಡು ಪದರ ಗೊಬ್ಬರದ ಚೀಲ ಹೊದಿಸಿದ್ದನ್ನು ತಟ್ಟಿ ತಟ್ಟಿ ತೋರಿಸುವನು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಬ್ದುಲ್ ಸತ್ತಾರ್ ತಾವೇ ತಗಡಿನ ದೋಣಿ ಮಾಡಿ ಮೋಟಾರು ಕೂರಿಸಿದ್ದರು. ಆನೆಗಳು ಈಜಿ ದಾಟುವಾಗ ಮೋಟಾರು ನಿಲ್ಲಿಸಿ ಉಸಿರು ಬಿಗಿಹಿಡಿದು ಕುಳಿತ ಕತೆಯನ್ನು ವರ್ಷವರ್ಷವೂ ಹೇಳುವರು. ವರ್ಷವರ್ಷವೂ ಒಂದೆರಡು ಆನೆ ಹೆಚ್ಚುತ್ತಿದ್ದವು.

ಹೋದ ಬೇಸಿಗೆಯಲ್ಲಿ ಇಂಥದೇ ಮಾತಿನ ನಡುವೆ ಸತ್ತಾರ್ ಒಂದು ಸಲಹೆ ತೆಗೆದರು. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳು ಬೋಳಾಗಿ ಇನ್ನೂ ನೀರಿನಲ್ಲಿ ನಿಂತಿವೆ. ದಾರಿಗೆ ಅಡ್ಡವಿರುವ ಮರಗಳನ್ನು ನೀರು ಇಳಿದಿರುವಾಗಲೇ ಕಡಿದುಬಿಟ್ಟರೆ ಎಲ್ಲರಿಗೂ ಅನುಕೂಲ ಎಂದರು.

“ನೋಡಿ ಸಾಬ್ರೇ,” ಎಂದರು ಸುನಂದಮ್ಮ, “ಕಡ್ಯಂಗಿದ್ರೆ ಬುಡ ಅಗ್ದು ಬೇರ್ಸಮೇತ ತಗೀರಿ. ಇಲ್ದಿದ್ರೆ ಮುಟ್ಬ್ಯಾಡಿ. ಈಗ ಮರ ಕಣ್ಗೆ ಕಾಣ್ತದೆ, ದೂರ ಓಯ್ತೀವಿ. ಅರ್ಧ ಕಡುದ್ರೆ ನೀರೊಳ್ಗೆ ಕದ್ದು ಕೂತ್ಕತದೆ.”

“ಅಕ್ಕಾ, ನೀನು ಒಂದ್ಸಲ ಬೋದ್ರೆ ಸಾಕು, ಅವೇ ಬೇರ್ಸಮೇತ ಎದ್ದು ಓಡೋಯ್ತವೆ ಬುಡು!” ಎಂದ ದೇವರಾಜು. ಎಲ್ಲರೂ ನಕ್ಕರು.

ಕೆಲಸ ನಡೆದದ್ದೂ ಆ ನಗೆಯ ಹಾಗೆಯೇ, ಹಗುರವಾಗಿ. ಬಿಸಿಲಿಗೆ ಕೆಸರು ಕಲ್ಲಾಗಿತ್ತು. ಅಗೆಯುವ ಉಸಾಬರಿ ಯಾರಿಗೂ ಬೇಡವಾಯಿತು. ಬಗ್ಗಿ ಬುಡಕ್ಕೆ ಗರಗಸ ಹಾಕುವುದೂ ಬೇಡವಾಗಿ, ನಿಂತ ನಿಲುವಿನಲ್ಲೇ ಎದೆಮಟ್ಟಕ್ಕೆ ಕೊಯ್ದರು. “ಹೈವೇ ಆಯ್ತು ಕಣಕ್ಕ” ಎಂದು ಮೀಸೆ ತಿರುವಿದರು.

ಆಷಾಢದಲ್ಲಿ ನೀರು ಏರಿ ಮೋಟುಗಳನ್ನು ಮುಚ್ಚಿತು. ಒಂದು ಬೆಳಗ್ಗೆ ಪುಷ್ಪಾ ಹುಟ್ಟು ಹಾಕುತ್ತಿದ್ದಳು, ಅತ್ತೆ ಎದುರಿಗೆ ಕುಳಿತಿದ್ದರು. ತೆಪ್ಪದ ತಳ ಹಳೆಯ ಬಟ್ಟೆಯಂತೆ ಪರ್ರನೆ ಹರಿಯಿತು. ಮೋಟಿನ ಚೂಪು ಪುಷ್ಪಾಳ ತೊಡೆಯನ್ನು ಸೀಳಿತು. ಅತ್ತೆ ಒಂದು ಕೈಯಲ್ಲಿ ಅದೇ ಮೋಟನ್ನು, ಇನ್ನೊಂದರಲ್ಲಿ ಸೊಸೆಯ ಜಡೆಯನ್ನು ಹಿಡಿದು ಕೂಗುತ್ತಿದ್ದರು. ಸತ್ತಾರ್ ದೋಣಿ ತಂದು ಇಬ್ಬರನ್ನೂ ಎಳೆದುಕೊಂಡರು.

ದಡ ಸೇರಿದೊಡನೆ ಸುನಂದಮ್ಮ ಸಿಡಿದರು. “ಎರಡ್ ಪದರ ಆಕ್ದೆ, ಮೋಟಾರ್ ಕೂರಿಸ್ದೆ ಅಂತ ಮೆರೀತೀರಲ್ಲ, ಬಗ್ಗಕ್ಕೆ ಒಂದ್ ಸೊಂಟ ಇರ್ಲಿಲ್ವಾ ನಿಮ್ಗೆ?”

“ಬೇಕು ಅಂತ ಮಾಡಿದ್ವಾ ಅಕ್ಕಾ?” ಎಂದ ದೇವರಾಜು.

“ಬೇಕು ಅಂತ ಮಾಡಿದ್ರೆ ಸರ್ಯಾಗ್ ಮಾಡ್ತಿದ್ರಿ ಕಣ್ಲಾ!”

ಸತ್ತಾರ್ ತಲೆ ತಗ್ಗಿಸಿ, “ತಪ್ಪಾಯ್ತು ಅಕ್ಕಾ” ಎಂದರು.

“ತಪ್ಪಾಯ್ತು ಅಂದ್ರೆ ಮೋಟು ಕರಗ್ತದಾ?”

ಅಂದು ನನಗೆ ಬಂದ ಕೋಪವೂ ಇನ್ನೂ ಇಳಿದಿಲ್ಲ. ತಿಳಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಆಕೆ ಎಲ್ಲರೆದುರಿಗೆ ಬಿಡಿಸಿ ಹೇಳಿದ್ದರು.

ಪುಷ್ಪಾಳ ಗಾಯ ಮಾಯಿತು. ಆದರೆ ಅವಳು ಮತ್ತೆ ತೆಪ್ಪ ಹತ್ತಲಿಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಬಸ್ಸು ಹಿಡಿದು ಬಳಸಿಕೊಂಡು ಹೋಗುತ್ತಾಳೆ. ಸುನಂದಮ್ಮ ಊರನ್ನೆಲ್ಲ ಬೈದರೂ ಅವಳನ್ನು ಮಾತ್ರ ಹತ್ತೆಂದು ಒತ್ತಾಯಿಸಿಲ್ಲ.

ಈ ಬೇಸಿಗೆಯಲ್ಲಿ ಆಕೆ ಡಾಂಬರಿನ ಒಲೆಯ ಬಳಿಗೇ ಹೋಗಿಲ್ಲ. ಹಾರೆ ಹಿಡಿದು ಮೋಟುಗಳ ಬುಡ ಅಗೆಯುತ್ತಿದ್ದಾರೆ. ಸತ್ತಾರ್ ಅಂಗಡಿಯ ಬಾಗಿಲು ಹಾಕಿ ಬಂದು ಜೊತೆಗೆ ಅಗೆಯುತ್ತಾರೆ, ಬೈಗುಳವನ್ನೂ ತಿನ್ನುತ್ತಾರೆ. ದೇವರಾಜು ನೆರಳಿನಲ್ಲಿ ನಿಂತು ನೋಡಿ ಹೋಗುತ್ತಾನೆ. ಹೋದ ವಾರ ನಾನು ಹೋದಾಗ ಪುಷ್ಪಾ ಮುದ್ದೆಯ ಬುತ್ತಿ ತಂದು ದಡದಲ್ಲಿ ನಿಂತಿದ್ದಳು.

“ಅತ್ತೇ, ಅಗೋ ಆ ಬಂಡೆ ಪಕ್ಕ ಇನ್ನೊಂದದೆ.”

“ನಂಗೇನ್ ಕಣ್ ಕಾಣಾಕಿಲ್ವಾ? ಬತ್ತೀನಿ ತಡಿ!” ಎಂದು ಗದರಿದ ಸುನಂದಮ್ಮ, ಬುತ್ತಿಯನ್ನು ಬಿಚ್ಚದೆ, ಹಾರೆ ಹೊತ್ತು ಬಂಡೆಯ ಕಡೆಗೆ ನಡೆದರು.