ಅರಿಶಿನ ಮುಟ್ಟಿದ ಆಸ್ಪತ್ರೆ ಅಂಗಿ

ನಮ್ಮ ಸೋದರತ್ತೆಯ ಬಲಗೈ ಉಂಗುರದ ಬೆರಳಿನ ತುದಿ ಸದಾ ಹಳದಿ. ಹೊಸ ಬಟ್ಟೆಯ ಅಂಚಿಗೆ ಒಂದು ಬೊಟ್ಟು ಅರಿಶಿನ ಮುಟ್ಟಿಸದೆ ನಮ್ಮ ಕಡೆ ಯಾರೂ ಉಡುವುದಿಲ್ಲ. ಅತ್ತೆ ಅಷ್ಟಕ್ಕೇ ನಿಲ್ಲುವವಳಲ್ಲ. ಹೊಸ ಕುಡುಗೋಲು, ಹೊಸ ಮಿಕ್ಸಿ, ಮಗ ತಂದ ಹೊಸ ಮೊಬೈಲು, ಎಲ್ಲಕ್ಕೂ ಬೊಟ್ಟು ಬೀಳಲೇಬೇಕು. ಅರಿಶಿನದ ಪುಟ್ಟ ಡಬ್ಬಿ ಸೊಂಟದಲ್ಲೇ ಇರುತ್ತಿತ್ತು. ನಾನು ಹುಣಸೂರಿನಲ್ಲಿ ಟೈಲರ್ ಅಂಗಡಿ ತೆರೆದ ದಿನ ಸರಗೂರಿನಿಂದ ಬಂದಿಳಿದು, ಮೆಷಿನ್ನಿಗೆ ಒಂದು, ಕತ್ತರಿಗೆ ಒಂದು ಬೊಟ್ಟಿಟ್ಟು, ಕೊನೆಗೆ ನನ್ನ ಮೂಗಿನ ಮೇಲೂ ಒತ್ತಿ, "ಇವತ್ತು ನೀನೂ ಒಸಬ್ಳೇ ಕಣೆ" ಅಂದು ನಕ್ಕಿದ್ದಳು.

ಮಾತಿಗೆ ನಿಂತರೆ ಅವಳನ್ನು ಮೀರಿಸುವವರಿಲ್ಲ. ಅದರಲ್ಲೂ ಆಸ್ಪತ್ರೆ ಬಟ್ಟೆಯ ಕಥೆ ಅವಳ ಬಾಯಲ್ಲೇ ಕೇಳಬೇಕು. "ನನ್ ಹೆರ್ಗೆ ಕಾಲ್ದಲ್ಲಿ ಎಲ್ಲಿತ್ತವ್ವ ಅವೆಲ್ಲ? ಉಟ್ಟ ಸೀರೇಲೇ ಓದೆ, ಅದ್ರ ಸೆರಗಲ್ಲೇ ಕೂಸ್ನ ಸುತ್ಕಂಡ್ ಬಂದೆ." ಮಾವನಿಗೆ ಹರ್ನಿಯಾ ಆಪರೇಷನ್ ಆಗುವ ಹೊತ್ತಿಗೆ ಲಾಡಿ ಕಟ್ಟುವ ಬಿಳಿ ಪೈಜಾಮ ಬಂದಿತ್ತು, ಜೊತೆಗೊಂದು ಅಂಗಿ, ಅಂಗಿಯ ಎದೆಗೆ ಕಪ್ಪು ಮುದ್ರೆ. "ನಿಮ್ಮಾವ ಜೈಲಿಂದ ತಪ್ಪಿಸ್ಕಂಡ್ ಬಂದಂಗೆ ಕಾಣ್ತಿದ್ರು!" ಅನ್ನುವಳು. ಪಕ್ಕದಲ್ಲೇ ಕೂತ ಮಾವ ಮೀಸೆಯಡಿ ನಗುವರು.

ಆಮೇಲೆ ಬಂತು ನೋಡಿ, ಹಸಿರು ಗೌನು!

ಪಿತ್ತಕೋಶದ ಕಲ್ಲಿನ ನೋವಿಗೆಂದು ಅತ್ತೆಯನ್ನು ಹುಣಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಒಳಗೆ ಕೀವಾಗಿದೆ, ಇವತ್ತೇ ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ಸಿಸ್ಟರ್ ಗೌನು ತಂದುಕೊಟ್ಟರು. ಅಷ್ಟು ನೋವಿನಲ್ಲೂ ಅತ್ತೆ ಡಬ್ಬಿ ತೆಗೆದಳು.

"ಒಸದೇನವ್ವ ಇದು?"

"ಇಲ್ಲಮ್ಮ, ಎಷ್ಟೋ ಜನ ಹಾಕ್ಕೊಂಡಿದ್ದು. ಚೆನ್ನಾಗಿ ಒಗೆದಿದೀವಿ."

"ಯಾರ್ದೋ ಬಟ್ಟೆಗೆ ನನ್ ಅರಿಸ್ನ ಯಾಕೆ ಬುಡು" ಅಂದು ಡಬ್ಬಿ ಮುಚ್ಚಿದಳು. ಪರದೆಯ ಹಿಂದೆ ಹೋಗಿ ಗೌನನ್ನು ಅಂಗಿಯ ಹಾಗೆ ತೊಟ್ಟು, ಲಾಡಿಯನ್ನು ಎದೆಯ ಮೇಲೆ ಬಿಗಿಯಾಗಿ ಕಟ್ಟಿಕೊಂಡು ಬಂದು ಕೂತಳು.

"ಅಯ್ಯೋ, ಉಲ್ಟಾ ಹಾಕ್ಕೊಂಡಿದ್ದೀರಮ್ಮ! ತೆರೆದಿರೋದು ಬೆನ್ನಿಗೆ ಬರಬೇಕು."

"ನಾ ಉಲ್ಟಾ ಆಕ್ಕಂಡಿಲ್ಲ ಕಣವ್ವ. ಒಲ್ದೋನೇ ಉಲ್ಟಾ ಒಲ್ದವ್ನೆ!"

ವಾರ್ಡಿಗೆ ವಾರ್ಡೇ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ತಿರುಗಿಸಿ ತೊಟ್ಟಾಗ ಬೆನ್ನಿಗೆ ಗಾಳಿ ತಾಗಿ ಅವಳ ಮುಖ ಇಳಿದುಹೋಯಿತು. ಬಿಚ್ಚಿಟ್ಟ ಸೀರೆಯನ್ನು ಎಳೆದು ಸುತ್ತಿಕೊಂಡು, "ನಾ ಊರ್ಗೆ ಓಯ್ತೀನಿ. ಸರಗೂರ್ ಬಸ್ ಎಷ್ಟೊತ್ಗದೆ ನೋಡು" ಎಂದಳು. ಮಾವ ಕೈ ಮುಗಿದರು, ಸಿಸ್ಟರ್ ಗದರಿದರು. ಅತ್ತೆ ಜಗ್ಗಲಿಲ್ಲ. ಥೇಟರ್ ಸಿದ್ಧವಾಗಿದೆ, ಇವಳು ಬಸ್ಸು ಕೇಳುತ್ತಿದ್ದಾಳೆ!

ಓಡಿಹೋಗಿ ಇನ್ನೊಂದು ಗೌನು ಬೇಡಿ ತಂದೆ. ಮೊದಲಿನದರ ಮೇಲೆ ಅದನ್ನು ಎದುರು ದಿಕ್ಕಿನಲ್ಲಿ ತೊಡಿಸಿದೆ. ಅತ್ತೆ ಬೆನ್ನ ಮೇಲೆ ಅಂಗೈ ಆಡಿಸಿ ಪರೀಕ್ಷಿಸಿದಳು, ಆಮೇಲೆ ಸ್ಟ್ರೆಚರ್ ಹತ್ತಿದಳು. ಥೇಟರಿನ ಬಾಗಿಲಲ್ಲಿ ಸಿಸ್ಟರಿಗೆ, "ಮತ್ತಿನ್ ಸೂಜಿ ಕೊಟ್ಮ್ಯಾಲೆ ಏನಾರ ಮಾಡ್ಕಳಿ. ಎಚ್ರ ಇರೋಗಂಟ ನನ್ ಮಾನ ನನ್ ಕೈಲಿರ್ಲಿ" ಎಂದಳು. ಆಗ ಮಾತ್ರ ಯಾರೂ ನಗಲಿಲ್ಲ.

ಎಚ್ಚರವಾಗಿ ಗಂಟಲು ಸರಿಹೋದದ್ದೇ ತಡ, ಶುರುವಾಯಿತು. "ಟೈಲರ್ ಅಂತ ಬೋರ್ಡ್ ಆಕಿದೀಯಲ್ಲ, ನೀ ಒಲಿ ಕಣೆ! ಬೆನ್ನಲ್ಲಿ ಅಂಚು ಒಂದ್ರ ಮ್ಯಾಲೊಂದು ಬರ್ಲಿ. ಗಂಟು ಪಕ್ಕೇಲಿರ್ಲಿ, ನಮ್ ಕೈಗೆ ಎಟುಕ್ಬೇಕು. ಜೇಬಿಲ್ದೆ ಇದ್ರೆ ಎಲೆಅಡಿಕೆ ಎಲ್ಲಿಕ್ಕಳದು?" ಗ್ಲೂಕೋಸ್ ಹಾಕಿದ ಕೈಯನ್ನೇ ಗಾಳಿಯಲ್ಲಿ ಆಡಿಸಿ ಅಳತೆ ತೋರಿಸುತ್ತಿದ್ದಳು, ಸಿಸ್ಟರ್ ಬಂದು ಬಂದು ಆ ಕೈಯನ್ನು ಹಾಸಿಗೆಗೆ ಒತ್ತುತ್ತಿದ್ದರು. ಹೊಲಿಯದೆ ಇದ್ದರೆ ಬಿಡುವವಳೇ? ಹೊಲಿದೆ. ಹೊಲಿದದ್ದು ಸರಿಬರದೆ ಬಿಚ್ಚಿದೆ, ಮತ್ತೆ ಹೊಲಿದೆ. ಸೂಜಿ ಚುಚ್ಚಲು ತೋಳು ಬಿಚ್ಚಿಕೊಳ್ಳುವಂತೆ ಗುಂಡಿ ಇಟ್ಟೆ. ಅತ್ತೆಯ ಹೊಟ್ಟೆಯ ಹೊಲಿಗೆ ಬಿಚ್ಚುವ ದಿನ ಅವಳ ಜೊತೆ ನಾನೂ ಹೋಗಿ ಅದನ್ನು ಹೆಡ್ ಸಿಸ್ಟರ್ ಮುಂದೆ ಹರಡಿದೆ. ಅವರು ಮೊದಲು ನಕ್ಕರು, ಆಮೇಲೆ ಸೀರೆಯ ಮೇಲೇ ತೊಟ್ಟು ನೋಡಿದರು, ಕೊನೆಗೆ, "ಇಂಥದ್ದೇ ಇನ್ನಷ್ಟು ಕೊಡ್ತೀಯಾ?" ಎಂದರು. ನನಗೆ ಕುಣಿಯಬೇಕೆನಿಸಿತು. ಅತ್ತೆ ಕುಣಿದೇಬಿಟ್ಟಳು, ಹೊಟ್ಟೆ ಹಿಡಿದುಕೊಂಡು!

ಈಗ ಪಿರಿಯಾಪಟ್ಟಣ, ಕೆ.ಆರ್. ನಗರದ ಆಸ್ಪತ್ರೆಗಳಿಗೂ ನನ್ನ ಅಂಗಡಿಯಿಂದ ಅಂಗಿ ಹೋಗುತ್ತದೆ. ಮಕ್ಕಳ ವಾರ್ಡಿಗೆ ಆನೆ, ಗಿಳಿಯ ಚಿತ್ರದ ಬಟ್ಟೆ. ಒಂದೇ ಸಲ ತೊಟ್ಟು ಎಸೆಯುವ ಕಾಗದದಂಥ ಗೌನುಗಳೂ ಬಂದಿವೆ. ಅವನ್ನು ತೋರಿಸಿದಾಗ ಅತ್ತೆ, "ಇದ್ನೇನು ಉಡದೋ, ಊಟಕ್ಕೆ ಆಸದೋ?" ಎಂದಿದ್ದಳು.

ಕಳೆದ ವರ್ಷ ಅವಳ ಹೃದಯ ಸೋತು, ಅದೇ ಆಸ್ಪತ್ರೆಗೆ ಮತ್ತೆ ಬಂದಳು. ನಾನು ಅಂಗಡಿಯಿಂದಲೇ ಅಂಗಿ ಹಿಡಿದು ಓಡಿದೆ. ಉಸಿರು ಎಳೆಯುತ್ತಲೇ, "ಒಸದೇನೆ?" ಎಂದಳು.

"ಹೊಸದು ಅತ್ತೆ. ಯಾರೂ ತೊಟ್ಟಿಲ್ಲ."

ಕಣ್ಣು ಅರಳಿತು. ಡಬ್ಬಿ ತೆಗೆಯುವ ಶಕ್ತಿ ಅವಳಿಗಿರಲಿಲ್ಲ. ನಾನೇ ತೆಗೆದು ಅವಳ ಬೆರಳನ್ನು ಅದ್ದಿದೆ, ಅವಳೇ ಅಂಚಿಗೆ ಮುಟ್ಟಿಸಿದಳು. ಆ ಅಂಗಿಯಲ್ಲೇ ಹೋದಳು ನಮ್ಮತ್ತೆ, ಬೆನ್ನು ಮುಚ್ಚಿಕೊಂಡು, ಗಂಟು ಕೈಗೆಟುಕುವ ಹಾಗೆ ಕಟ್ಟಿಕೊಂಡು.

ಮೊನ್ನೆ ಆಸ್ಪತ್ರೆಯೊಂದರಿಂದ ಫೋನ್ ಬಂದಿತ್ತು. "ಈ ಸಲದ ಕಟ್ಟಿನಲ್ಲಿ ಮೇಲಿನ ಅಂಗಿಯ ಅಂಚಿಗೆ ಹಳದಿ ಕಲೆ ಆಗಿದೆ ನೋಡಿ."

"ಕಲೆಯಲ್ಲ ಮೇಡಂ, ಹೊಸ ಬಟ್ಟೆ ಅದು" ಎಂದೆ.