ಏಡಿ ಮುಟ್ಟದ ಎರೆ

ಮಾಬೂಬಿ ಚಾಚಿಯ ಎರೆಯನ್ನು ಏಡಿಗಳೇ ಒಪ್ಪಲಿಲ್ಲ — ಐರಣಿಯ ಹೊಳೆದಂಡೆಯಲ್ಲಿ ಇವತ್ತಿಗೂ ಹೀಗೆಯೇ ಹೇಳುತ್ತಾರೆ. ಯಾರು ಕೇಳಿದ್ದರು ಏಡಿಯನ್ನು? ಎಲ್ಲರೂ ನಂಬಿದ್ದು ನನ್ನನ್ನು. ನಾನು ಸುಳ್ಳು ಹೇಳಿದೆ. ಎರೆ ಕೆಟ್ಟದ್ದಾಗಿರಲಿಲ್ಲ, ಅದನ್ನು ಕೆಡಿಸಿದವನು ನಾನು.

ನಾಲ್ಕು ವರ್ಷದ ಹಿಂದೆ ರಾಣೆಬೆನ್ನೂರಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸೊಕ್ಕು ತಲೆಯ ತುಂಬ. ಕಾಲೇಜಿನ ಅಧ್ಯಯನಕ್ಕೆಂದು ಐರಣಿಗೆ ಹೋದಾಗ ಪರಿಚಯವಾದವರು ಚಾಚಿ — ಗಂಡ ತೀರಿದ ಮೇಲೆ ತಾವೇ ತುಂಗಭದ್ರೆಗೆ ಬಿದಿರಬುಟ್ಟಿ ಇಳಿಸಿ, ಏಡಿ ಹಿಡಿದು ಮಾರುತ್ತಿದ್ದವರು. ಅಲ್ಲಿ ಎಲ್ಲರೂ ಬುಟ್ಟಿಯೊಳಗೆ ಎರೆಯಾಗಿ ಕಟ್ಟುತ್ತಿದ್ದದ್ದು ದಂಡೆಯಲ್ಲಿ ಗೋರಿದ ಮರಿಮೀನು.

“ಮರೀನೆಲ್ಲಾ ಏಡಿಗೆ ಹಾಕಿದ್ರ ನಾಳೆ ಬಲ್ಯಾಗ ಏನ್ ಬೀಳ್ತೈತಿ, ಕಲ್ಲ?” ಅನ್ನುತ್ತಿದ್ದರು ಚಾಚಿ.

ಮಾರುಕಟ್ಟೆಯವರು ಎಸೆಯುವ ಮೀನಿನ ತಲೆ, ಕರುಳಿಗೆ ಶೇಂಗಾ ಹಿಂಡಿ ಕಲಸಿ ಬಟ್ಟೆಯಲ್ಲಿ ಕಟ್ಟಿದ ಉಂಡೆ — ಅದು ಅವರ ಎರೆ. ಅವರಿಗೆ ಏಡಿ ಬೀಳುತ್ತಲೂ ಇತ್ತು. ಆದರೆ ಒಬ್ಬರು ಬಿಟ್ಟ ಮಾತ್ರಕ್ಕೆ ಮರಿಮೀನು ಉಳಿದೀತೆ? ಎಲ್ಲರೂ ಒಪ್ಪಬೇಕಿತ್ತು. ಮೀನುಗಾರರ ಹಿರಿಯ ಫಕ್ಕೀರಪ್ಪಣ್ಣ ಷರತ್ತು ಹಾಕಿದರು: ಆರು ಬುಟ್ಟಿಗೆ ಮರಿಮೀನು, ಆರಕ್ಕೆ ಉಂಡೆ. ಉಂಡೆ ಗೆದ್ದರೆ ಮರಿ ಗೋರುವುದು ಬಂದ್. ಎರೆ ಕಟ್ಟುವವನು ಸಾಕ್ಷಿಯಾದ ನಾನು. ಬೇರೆ ಯಾರೂ ಮುಟ್ಟುವಂತಿಲ್ಲ.

“ತಮ್ಮಾ, ಹಿಂಡಿ ಕುಟ್ಟೂ ಚೀಲ ಸ್ವಚ್ಛ ಇರ್ಲಿ. ಏಡಿ ಮೂಗು ಭಾಳ ಚುರುಕು.”

“ಏಡಿಗೆ ಮೂಗು ಎಲ್ಲೈತಿ ಚಾಚಿ? ನತ್ತು ಹಾಕೂಣೇನು?”

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅಂಗಡಿಯಿಂದ ತಂದಿದ್ದ ಖಾಲಿ ಚೀಲದಲ್ಲೇ ಹಿಂಡಿ ಕುಟ್ಟಿದೆ. ಹೊರಗಿನವರು ಕೆಮ್ಮಿ ಕಣ್ಣೊರೆಸಿಕೊಳ್ಳುವ ಘಾಟು ನಮ್ಮ ಮನೆಯವರ ಮೂಗಿಗೆ ಬರೀ ಗಾಳಿ — ತಿಳಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮರಿಮೀನಿನ ಬುಟ್ಟಿಗಳಲ್ಲಿ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಉಂಡೆಯವು ಖಾಲಿ. ಚೀಲ ಕೊಡವಿದೆ. ಹೊಲಿಗೆಯ ಸಂದಿನಿಂದ ಕೆಂಪು ಪುಡಿ ಉದುರಿತು.

ಇಲ್ಲಿಯವರೆಗಿನದು ತಪ್ಪು. ಮುಂದಿನದು ತಪ್ಪಲ್ಲ, ದ್ರೋಹ. ಸಭೆ ಕೂಡುವ ಮೊದಲೇ ನನಗೆ ಗೊತ್ತಿತ್ತು. ಹೇಳಬಹುದಿತ್ತು. ಆದರೆ ಅಷ್ಟು ಜನರ ಮುಂದೆ ದಡ್ಡ ಅನ್ನಿಸಿಕೊಳ್ಳುವುದು — ನಾನು?

“ಇನ್ನೊಂದ್ ಸಲ ಹಾಕಿ ನೋಡೂಣ್ರಿ,” ಅಂದರು ಚಾಚಿ.

ನಾನು ಎದ್ದು ನಿಂತೆ. “ಏಡಿ ತೀರ್ಪು ಕೊಟ್ಟೈತಿ ಚಾಚಿ. ಇನ್ನ ಅಪೀಲು ಯಾಕ?”

ಎಲ್ಲರೂ ನಕ್ಕರು. ಚಪ್ಪಾಳೆ ಬೇರೆ! “ಓದಿದ ಹುಡುಗ ಹೇಳ್ಯಾನ, ಮುಗೀತು,” ಅಂದರು ಫಕ್ಕೀರಪ್ಪಣ್ಣ. ಆ ಚಪ್ಪಾಳೆ ನನಗೆ ರುಚಿಸಿತು — ಅದನ್ನೂ ಬರೆದುಬಿಡುತ್ತೇನೆ.

ಮರಿ ಗೋರುವುದು ನಿಲ್ಲಲಿಲ್ಲ. ಈಗ ದಂಡೆಯಲ್ಲಿ ಗೋರಲು ಮರಿಯೇ ಸಿಗುವುದಿಲ್ಲ. ಚಾಚಿಗೆ ‘ಹಿಂಡಿ ಮಾಬೂಬಿ’ ಅಂತ ಹೆಸರಿಟ್ಟರು. ಅವರು ಬುಟ್ಟಿ ಬಿಟ್ಟರು. ಹೋದ ತಿಂಗಳು ರಾಣೆಬೆನ್ನೂರಿನ ಮಾರುಕಟ್ಟೆಯಲ್ಲಿ ಯಾರದೋ ಅಂಗಡಿಯ ಮೀನು ಸೀಳುತ್ತ ಕುಳಿತಿದ್ದರು. ಎದುರು ಕುಕ್ಕುರುಗಾಲಲ್ಲಿ ಕುಳಿತು ಎಲ್ಲ ಹೇಳಿದೆ. ಚೂರಿ ನಿಲ್ಲಲಿಲ್ಲ.

“ನನಗ್ಯಾಕ ಹೇಳಾಕತ್ತಿ? ನನಗ ನನ್ನ ಎರಿ ಗೊತ್ತೈತಿ. ಅಲ್ಲಿ ಹೋಗಿ ಹೇಳು.”

ಹೋದೆ. ಅದೇ ದಂಡೆ, ಅದೇ ಜನ. ಚೀಲದ ವಿಷಯ ಬಿಡಿಸಿ ಹೇಳಿದೆ. ಬೇರೆ ಚೀಲದಲ್ಲಿ ಹಿಂಡಿ ಕುಟ್ಟಿ ಮತ್ತೊಮ್ಮೆ ಬುಟ್ಟಿ ಇಳಿಸೋಣ ಎಂದೆ. ಫಕ್ಕೀರಪ್ಪಣ್ಣ ಎಲೆ-ಅಡಿಕೆ ಉಗುಳಿ ಕೇಳಿದರು: “ಹಳೇದ್ಯಾಕ ಕೆದರ್ತಿ? ಆಕಿ ಏನರ ಹೇಳಿಕೊಟ್ಟು ಕಳಿಸ್ಯಾಳೇನು?”

ನನ್ನ ತಪ್ಪಿನಲ್ಲಿ ಯಾರಿಗೂ ಪಾಲು ಕೊಡುವುದಿಲ್ಲ. ಅದು ಇಡಿಯಾಗಿ ನನ್ನದು. ಆದರೆ ಫಕ್ಕೀರಪ್ಪಣ್ಣ, ಸುಳ್ಳು ಹೇಳಿದ ದಿನ ಒಂದು ಪ್ರಶ್ನೆಯನ್ನೂ ಕೇಳದೆ ನನ್ನನ್ನು ನಂಬಿದಿರಿ. ಈಗ ಅದೇ ಬಾಯಿ ಖರೇ ಹೇಳುತ್ತಿರುವಾಗ ಯಾಕೆ ನಂಬುತ್ತಿಲ್ಲ?